ಓವನ್ ತಿಕ್ಕಿಟ್ಟು ಹೊರಟವಳು

ಡೆನೀಸ್ ಹೆಸ್ಲಪ್ ಬಯಸಿದ್ದು ದೊಡ್ಡದೇನಲ್ಲ. ಒಂದು ವಾರದ ಮಟ್ಟಿಗೆ ಯಾರೂ ತನ್ನನ್ನು ಏನನ್ನೂ ಕೇಳಬಾರದು, ಅಷ್ಟೇ.

ಅವಳ ಹೊಟ್ಟೆಪಾಡೇ ಕೇಳಿಸಿಕೊಳ್ಳುವುದಾಗಿತ್ತು. ವಾಲ್ಸೆಂಡ್ ಊರಿನ ಕ್ಲಿನಿಕ್ಕಿನಲ್ಲಿ ಗಾಜಿನ ಕಿಟಕಿಯ ಹಿಂದೆ ಕೂತು ಬೆಳಗಿನಿಂದ ಸಂಜೆಯವರೆಗೆ ಉತ್ತರ ಕೊಡಬೇಕು. ಡಾಕ್ಟರು ಬಂದರಾ, ರಕ್ತದ ರಿಪೋರ್ಟು ಬಂತಾ, ಈ ಮಾತ್ರೆ ಊಟಕ್ಕೆ ಮುಂಚೆಯಾ ಆಮೇಲಾ, ನನಗಿಂತ ಹಿಂದೆ ಬಂದವಳು ನನಗಿಂತ ಮುಂದೆ ಒಳಗೆ ಹೋದದ್ದು ಹೇಗೆ. ಕೇಳಿದವರೆಲ್ಲ ಕಿಟಕಿಗೆ ಬಾಯಿ ಹಚ್ಚಿ ಕೇಳುತ್ತಿದ್ದುದರಿಂದ ಸಂಜೆ ಹೊತ್ತಿಗೆ ಗಾಜಿನ ಮೇಲೆ ಉಸಿರಿನ ಮಬ್ಬು ಕೂತಿರುತ್ತಿತ್ತು. ಅದನ್ನು ಒರೆಸಿ ಮನೆಗೆ ಬಂದರೆ ಅಲ್ಲಿ ಟ್ರೆವರ್.

ಗಂಡ ಟ್ರೆವರ್ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಎಂಥ ಹಾಳು ಇಂಜಿನ್ನಾದರೂ ಸದ್ದು ಕೇಳಿಯೇ ಇದಕ್ಕೆ ಇಂಥದೇ ರೋಗ ಎನ್ನಬಲ್ಲ. ಅದೇ ಮನುಷ್ಯ ತನ್ನ ಮನೆಯಲ್ಲಿ ಸಕ್ಕರೆ ಯಾವ ಡಬ್ಬಿಯಲ್ಲಿದೆ ಎಂಬುದನ್ನು ಇಷ್ಟು ವರ್ಷದಲ್ಲಿ ಕಲಿತಿರಲಿಲ್ಲ. ಕೆಟ್ಟವನಲ್ಲ. ಕುಡಿದು ಬಂದು ಕೂಗಾಡಿದವನಲ್ಲ, ಬೇರೆ ಹೆಂಗಸಿನ ಕಡೆ ಕಣ್ಣೆತ್ತಿ ನೋಡಿದವನಲ್ಲ. ಸುಮ್ಮನೆ ಕೇಳುತ್ತಾನೆ, ಅದೇ ತಾಪತ್ರಯ. ಕೆಟ್ಟವನಾಗಿದ್ದರೆ ಡೆನೀಸ್ ಯಾರ ಮುಂದಾದರೂ ಕೂತು ದೂರಬಹುದಿತ್ತು. ಕತ್ತರಿ ಎಲ್ಲಿದೆ ಎಂದು ಕೇಳುವ ಗಂಡನ ಮೇಲೆ ಏನೆಂದು ದೂರುವುದು?

ಕತ್ತರಿಯಿಂದಲೇ ಎಲ್ಲ ಶುರುವಾದದ್ದು. ಫೆಬ್ರವರಿಯ ಒಂದು ಭಾನುವಾರ ಡೆನೀಸ್ ಬಚ್ಚಲಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿ, ತೊಟ್ಟಿಯ ಅಂಚಿನ ಮೇಲೆ ಸುಮ್ಮನೆ ಕೂತಿದ್ದಳು. ಕೆಲಸವೇನೂ ಇರಲಿಲ್ಲ. ಒಂದು ಗಳಿಗೆ ಕೂರೋಣ ಎನಿಸಿತ್ತು. ಅಷ್ಟರಲ್ಲಿ ಬಾಗಿಲಾಚೆಯಿಂದ ಬಂತು: "ಡೆನೀಸ್, ಕತ್ತರಿ ಎಲ್ಲಿಟ್ಟಿದ್ದೀಯಾ?"

"ಅಡುಗೆಮನೆ ಡ್ರಾಯರ್‌ನಲ್ಲಿ."

"ಯಾವ ಡ್ರಾಯರ್?"

ಆ ಗಳಿಗೆಯಲ್ಲೇ ಅವಳು ನಿರ್ಧರಿಸಿದಳು. ಮೇ ತಿಂಗಳಿನಲ್ಲಿ ರಜೆ ಹಾಕಿ ರೋಮನ್ ಗೋಡೆಯುದ್ದಕ್ಕೂ ನಡೆಯುವುದು. ಈ ಕಡಲಿನಿಂದ ಆ ಕಡಲಿನ ತನಕ. ಒಬ್ಬಳೇ.

ಆ ಗೋಡೆ ಅವಳಿಗೆ ಹೊಸದೇನಲ್ಲ. ರೋಮನ್ನರು ತಮ್ಮ ಸಾಮ್ರಾಜ್ಯದ ಬಡಗಣ ಗಡಿಯೆಂದು ದೇಶಕ್ಕೆ ಅಡ್ಡಲಾಗಿ ಕಟ್ಟಿದ ಗೋಡೆ ಅವಳ ಊರಿಗೆ ಬಂದು ಮುಗಿಯುತ್ತದೆ. ಊರಿನ ಹೆಸರಿನ ಅರ್ಥವೇ ಗೋಡೆಯ ಕೊನೆ. ಅಲ್ಲಿದ್ದ ಹಳೇ ಕೋಟೆಯ ಮೇಲೆಯೇ ಅವಳ ಅಜ್ಜಿಯ ಮನೆ ಇತ್ತು. ಡೆನೀಸ್ ಚಿಕ್ಕವಳಾಗಿದ್ದಾಗ ಆ ಸಾಲುಮನೆಗಳನ್ನೆಲ್ಲ ಕೆಡವಿ ಅಗೆದರು. ಅಜ್ಜಿ ಕಲ್ಲಿದ್ದಲು ತುಂಬಿಡುತ್ತಿದ್ದ ಗೂಡಿನ ಕೆಳಗೆ ರೋಮನ್ ಸಿಪಾಯಿಗಳ ಬಿಡಾರ ಸಿಕ್ಕಿತು. "ಅದಕ್ಕೇ ಅಲ್ಲಿ ಅಷ್ಟು ಥಂಡಿ ಹೊಡೀತಿತ್ತು" ಎಂದಿದ್ದಳು ಅಜ್ಜಿ. ಅದಾದ ಮೇಲೆ ಪ್ರತಿ ಬೇಸಿಗೆಯಲ್ಲೂ ಎಲ್ಲೆಲ್ಲಿಂದಲೋ ಜನ ಬೆನ್ನಿಗೆ ಚೀಲ ಏರಿಸಿಕೊಂಡು ಬಂದು ಆ ಕೋಟೆಯ ಮುಂದಿನಿಂದ ನಡೆಯಲು ಶುರುಮಾಡುವುದನ್ನು ಡೆನೀಸ್ ಕ್ಲಿನಿಕ್ಕಿಗೆ ಹೋಗುತ್ತ ನೋಡುತ್ತಿದ್ದಳು. ಅವರೂ ಸುಮ್ಮನೆ ಹೋಗುತ್ತಿರಲಿಲ್ಲ. "ಇಲ್ಲಿ ಟಾಯ್ಲೆಟ್ ಎಲ್ಲಿದೆ?" ಎಂದು ಅವಳನ್ನೇ ತಡೆದು ಕೇಳುತ್ತಿದ್ದರು.

ವಿಷಯ ತಿಳಿಸಿದಾಗ ಟ್ರೆವರ್‌ಗೆ ಅರ್ಥವೇ ಆಗಲಿಲ್ಲ. "ಗೋಡೆ ನೋಡ್ಬೇಕು ಅಂದ್ರೆ ವ್ಯಾನಲ್ಲಿ ಕರ್ಕೊಂಡ್ ಹೋಗ್ತೀನಲ್ಲ, ಮಧ್ಯಾಹ್ನಕ್ಕೆ ವಾಪಸ್ ಬರಬಹುದು" ಎಂದ. ಮಗಳು ಕರ್ಸ್ಟಿ ಕಂಕುಳಲ್ಲಿ ಕೂಸನ್ನೆತ್ತಿಕೊಂಡು ಬಂದು ವಿಚಾರಣೆಗೆ ನಿಂತಳು.

"ಒಬ್ಬಳೇ ಹೋಗಿ ಏನ್ಮಾಡ್ತೀಯಾ ಮ್ಯಾಮ್?" ಅಮ್ಮನನ್ನೂ ಅತ್ತೆಯನ್ನೂ ಆ ಕಡೆಯವರು ಕರೆಯುವುದೇ ಹಾಗೆ.

"ನಡೀತೀನಿ."

"ನಡೆದು?"

"ಇನ್ನೂ ನಡೀತೀನಿ."

"ಮತ್ತೆ ಬುಧವಾರ ಮಗೂನ ಯಾರು ನೋಡ್ಕೊಳ್ತಾರೆ?"

ಡೆನೀಸ್ ಮೂರು ತಿಂಗಳು ಹೊರಡುವ ಸಿದ್ಧತೆ ಮಾಡಿದಳು. ಬೂಟು ಕೊಂಡು ಸಂಜೆ ಹೊತ್ತು ನದಿಯ ದಡದಲ್ಲಿ ನಡೆದು ಹದ ಮಾಡಿದಳು. ಹೊರಡುವ ವಾರ ಮಾಂಸದ ಪೈಗಳನ್ನು ಸುಟ್ಟು, ಎಷ್ಟು ಹೊತ್ತು ಬಿಸಿ ಮಾಡಬೇಕೆಂದು ಡಬ್ಬಗಳ ಮೇಲೆ ಬರೆದು, ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿಸಿಟ್ಟಳು. ಪರದೆ ಒಗೆದಳು, ಕಪಾಟು ಒರೆಸಿದಳು, ಕೈಗೆ ರಬ್ಬರ್ ಗವಸು ಹಾಕಿಕೊಂಡು ಓವನ್ನಿನ ಒಳಗೋಡೆಗಳನ್ನು ಫಳಫಳ ಎನ್ನುವಂತೆ ತಿಕ್ಕಿದಳು. ಇವನು ಏನನ್ನೂ ಹುಡುಕುವಂತಾಗಬಾರದು, ಹುಡುಕಿ ನನಗೆ ಫೋನ್ ಮಾಡುವಂತಾಗಬಾರದು ಎಂಬುದೊಂದೇ ಅವಳ ಹಟ.

ಶನಿವಾರ ಬೆಳಿಗ್ಗೆ ಟ್ರೆವರ್ ಚಪ್ಪಲಿಯಲ್ಲೇ ಬಾಗಿಲಿಗೆ ಬಂದು ನಿಂತ. ಏನೋ ಹೇಳುವವನಂತೆ ಬಾಯಿ ತೆರೆದ. ಡೆನೀಸ್ ಕಾದಳು.

"ಬ್ರೆಡ್ ಎಲ್ಲಿದೆ?" ಎಂದ.

"ಬ್ರೆಡ್ ಡಬ್ಬದಲ್ಲಿ ಬ್ರೆಡ್ ಇದೆ ಟ್ರೆವರ್" ಎಂದು ಹೇಳಿ ಅವಳು ತಿರುಗಿ ನೋಡದೆ ಬೀದಿಗಿಳಿದಳು.

ಕೋಟೆಯ ಗೇಟಿನ ಬಳಿ ಬರುವಾಗ ಬಿಸಿಲು ಆಗಷ್ಟೇ ಹಡಗುಕಟ್ಟೆಯ ಕಡೆಯಿಂದ ಏರುತ್ತಿತ್ತು. ಯಾರೂ ಇರಲಿಲ್ಲ. ಆಹಾ ಎನಿಸಿತು. ಭುಜದ ಪಟ್ಟಿ ಬಿಗಿ ಮಾಡಿಕೊಂಡು ಮೊದಲ ಹೆಜ್ಜೆ ಇಡಬೇಕು, ಬೇಲಿಯ ಪಕ್ಕದ ಬೆಂಚಿನಿಂದ ದನಿ ಬಂತು.

"ಬಂದ್ಯಾ ಹಿನ್ನಿ? ತಡ ಮಾಡಿದೆ."

ಅತ್ತೆ ಮೇವಿಸ್! ತೊಟ್ಟಿದ್ದು ಚರ್ಚಿಗೆ ಹೋಗುವ ಕೋಟು, ಕಾಲಿಗೆ ಹಸಿರು ಕ್ಯಾನ್ವಾಸ್ ಬೂಟು, ಪಕ್ಕದಲ್ಲಿ ಸಂತೆಗೆ ಒಯ್ಯುವ ಚಕ್ರದ ಚೀಲ. ಎಂಬತ್ತಕ್ಕೆ ಹತ್ತಿರವಾದ ಹೆಂಗಸು, ತಲೆಗೆ ಪ್ಲಾಸ್ಟಿಕ್ ಮಳೆಟೋಪಿ ಬೇರೆ ಕಟ್ಟಿಕೊಂಡಿದ್ದಳು. "ಹಿನ್ನಿ" ಎಂಬ ಮುದ್ದಿನ ಕರೆ ಆ ಬಾಯಿಂದ ಬಂತೆಂದರೆ ಏನೋ ಕಾದಿದೆ ಎಂದೇ ಲೆಕ್ಕ.

"ಮ್ಯಾಮ್, ನೀವಿಲ್ಲಿ ಏನ್ಮಾಡ್ತಿದ್ದೀರಾ?"

"ನಿನ್ನ ಕಳಿಸಿಕೊಡೋಕೆ ಬಂದೆ."

"ಸರಿ, ಕಳಿಸಿಕೊಟ್ರಿ. ತುಂಬಾ ಥ್ಯಾಂಕ್ಸ್. ಬರ್ತೀನಿ."

"ಇಲ್ಲೇ ನಿಂತು ಕಳಿಸಿಕೊಡೋದಾ? ಸ್ವಲ್ಪ ದೂರ ಬರ್ತೀನಿ. ದೊಡ್ಡ ಸೇತುವೆ ತನಕ."

"ದೊಡ್ಡ ಸೇತುವೆ ಅಂದ್ರೆ ನ್ಯೂಕಾಸಲ್! ಅರ್ಧ ದಿನದ ದಾರಿ ಅದು."

"ನಾನು ಹಡಗುಕಟ್ಟೆ ಕ್ಯಾಂಟೀನಲ್ಲಿ ಟ್ರೇ ಹೊತ್ಕೊಂಡು ಜೀವನ ಪೂರ್ತಿ ನಡೆದವಳು" ಎಂದು ಮೇವಿಸ್ ಎದ್ದು ಚೀಲದ ಹಿಡಿ ಎಳೆದಳು. "ನಿನ್ನ ಕಾಲಿಗಿಂತ ನನ್ನ ಕಾಲು ಗಟ್ಟಿ. ನಡಿ."

ಹಳೇ ಕಲ್ಲಿದ್ದಲು ಬಂಡಿಗಳ ದಾರಿ ಈಗ ನಡೆಯುವವರ ದಾರಿಯಾಗಿದೆ. ಎರಡೂ ಕಡೆ ಹಾಥಾರ್ನ್ ಪೊದೆಗಳು ಬಿಳಿ ಹೂ ಬಿಟ್ಟಿದ್ದವು. ಡೆನೀಸ್ ಬೇಕೆಂದೇ ಬಿರುಸಾಗಿ ನಡೆದಳು. ಹಿಂದಿನಿಂದ ಚೀಲದ ಚಕ್ರ ಕೀಚ್ ಕೀಚ್ ಎನ್ನುತ್ತ ಒಂದೇ ಅಂತರದಲ್ಲಿ ಬರುತ್ತಲೇ ಇತ್ತು. ನಿಧಾನಿಸಿದರೆ ಅದೂ ನಿಧಾನ, ಓಡಿದರೆ ಅದೂ ಓಟ.

ಸಾಲದ್ದಕ್ಕೆ ವಾಕರ್ ಬಡಾವಣೆಯಲ್ಲಿ ಮೇವಿಸಳನ್ನು ಅರಿಯದವರಿರಲಿಲ್ಲ. ನಾಯಿ ಹಿಡಿದು ಬಂದ ಗಂಡಸನ್ನು ತಡೆದು, "ಇವಳು ನನ್ನ ಸೊಸೆ, ಆ ಕಡಲಿನ ತನಕ ನಡ್ಕೊಂಡ್ ಹೋಗ್ತಾಳಂತೆ. ಒಬ್ಬಳೇ" ಎಂದಳು. ಒಬ್ಬಳೇ ಎಂಬ ಮಾತನ್ನು ಕಾಯಿಲೆಯ ಹೆಸರಿನಂತೆ ದನಿ ತಗ್ಗಿಸಿ ಹೇಳಿದಳು. ಗಂಡಸು ಡೆನೀಸಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಮನೇಲಿ ಎಲ್ಲ ಸರಿಯಾಗಿದೆಯೇನಮ್ಮಾ?" ಎಂದು ಕೇಳಿದ. ಅವನಾದ ಮೇಲೆ ಇಬ್ಬರು ಹೆಂಗಸರು. ಅವರಾದ ಮೇಲೆ ಕಾಲುವೆಯ ಬಳಿ ಮೀನು ಹಿಡಿಯುತ್ತಿದ್ದ ಮುದುಕ. ಎಲ್ಲರದೂ ಒಂದೇ ಪ್ರಶ್ನೆ. ನಡುವೆ ಟ್ರೆವರನ ಫೋನು.

"ಡೆನೀಸ್, ಬಟ್ಟೆ ಒಗೆಯೋ ಮೆಷಿನ್ ಬಾಗಿಲು ತೆಗೀತಾ ಇಲ್ಲ."

"ಆರಿಸಿ ಸ್ವಲ್ಪ ಹೊತ್ತು ಬಿಡು."

"ಎಷ್ಟು ಹೊತ್ತು?"

"ಟ್ರೆವರ್, ನೀನು ಡಬಲ್ ಡೆಕರ್ ಬಸ್ಸಿನ ಗೇರ್‌ಬಾಕ್ಸ್ ಬಿಚ್ಚಿ ಜೋಡಿಸೋನು!"

"ಅದು ಬೇರೆ" ಎಂದ ಅವನು, ನಿಜವಾಗಿ ನೊಂದವನಂತೆ.

ನ್ಯೂಕಾಸಲಿನ ನದೀತೀರಕ್ಕೆ ಬರುವಷ್ಟರಲ್ಲಿ ಡೆನೀಸಳ ತಾಳ್ಮೆ ತಳ ಕಂಡಿತ್ತು. ದೊಡ್ಡ ಸೇತುವೆಯ ಕಬ್ಬಿಣದ ಸಂದುಗಳಲ್ಲಿ ಗೂಡು ಕಟ್ಟಿದ ಕಡಲಹಕ್ಕಿಗಳು ಕಿರುಚಾಡುತ್ತಿದ್ದವು. ಅದರ ಕೆಳಗೆ ಕೂತು ಮೇವಿಸ್ ಚೀಲದಿಂದ ಒಂದೊಂದೇ ಹೊರತೆಗೆದಳು: ಫ್ಲಾಸ್ಕು, ಎರಡು ಕಪ್ಪು, ತಟ್ಟೆಯಗಲದ ಸ್ಟಾಟಿ ರೊಟ್ಟಿ, ಅದರೊಳಗೆ ಹ್ಯಾಮಿನ ತುಂಡು ಮತ್ತು ಬೇಯಿಸಿ ಅರೆದ ಬಟಾಣಿ. ಡೆನೀಸ್ ಕೋಪದಲ್ಲೇ ತಿಂದಳು. ರುಚಿಯಾಗಿತ್ತು, ಅದಕ್ಕೂ ಕೋಪ ಬಂತು.

"ಇನ್ನು ಬಸ್ಸು ಹತ್ತಿ ಮ್ಯಾಮ್."

"ಇನ್ನೊಂಚೂರು ಬರ್ತೀನಿ."

"ಬೇಡ. ಸೇತುವೆ ತನಕ ಅಂದಿದ್ರಿ, ಇದೇ ಸೇತುವೆ. ಮಾತು ಅಂದ್ರೆ ಮಾತು."

ತಾನೇ ಕೈ ಹಿಡಿದು ಬಸ್‌ಸ್ಟಾಪಿಗೆ ಕರೆದೊಯ್ದು, ಚೀಲವನ್ನು ಮೆಟ್ಟಿಲು ಹತ್ತಿಸಿ, ಡ್ರೈವರನಿಗೆ "ವಾಲ್ಸೆಂಡ್ ಕಡೆಗೆ ಹೋಗಬೇಕು ಇವರು" ಎಂದು ಹೇಳಿ ಇಳಿದಳು. ಕಿಟಕಿಯಿಂದ ಮೇವಿಸ್ ರಾಣಿಯಂತೆ ಕೈಬೀಸಿದಳು. ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ಡೆನೀಸ್ ಕದಲಲಿಲ್ಲ. ಆಮೇಲೆ ಫೋನನ್ನೂ ಆರಿಸಿ ಚೀಲದ ಅಡಿಗೆ ತುರುಕಿದಳು.

ಅಲ್ಲಿಂದ ಮುಂದಿನದು ಗೋಡೆಯ ದಾರಿಯಲ್ಲೇ ತೀರ ಬೇಸರದ ತುಣುಕು ಎಂದು ಎಲ್ಲರೂ ಅನ್ನುತ್ತಾರೆ. ಗೋಡೆಯ ಒಂದು ಕಲ್ಲೂ ಕಾಣುವುದಿಲ್ಲ. ಒಂದು ಕಡೆ ಲಾರಿಗಳು ಗಾಳಿ ಎಬ್ಬಿಸಿಕೊಂಡು ಹೋಗುತ್ತವೆ, ಇನ್ನೊಂದು ಕಡೆ ಕಾರು ಮಾರುವ ಅಂಗಡಿಗಳ ಸಾಲು. ಡೆನೀಸಳಿಗೆ ಮಾತ್ರ ಅದು ಸ್ವರ್ಗ. ಲಾರಿಗಳು ಏನನ್ನೂ ಕೇಳಲಿಲ್ಲ. ಅವಳು ಬಾಯಿಬಿಟ್ಟು ಹಾಡಿಕೊಂಡು ನಡೆದಳು, ಅರ್ಧ ಮರೆತ ಶಾಲೆಯ ಹಾಡು. ಈ ಸುಖ ಒಂದು ವಾರ ಪೂರ್ತಿ ತನ್ನದೇ ಎಂದು ಎಣಿಸುತ್ತ, ಲೆಮಿಂಗ್ಟನ್ ದಾಟಿ, ನದಿಗೆ ಮರಳಿ ನ್ಯೂಬರ್ನಿನ ಉದ್ಯಾನಕ್ಕೆ ಬಂದಳು.

ದೋಣಿಯವರ ಶೆಡ್ಡಿನ ಪಕ್ಕ, ನೀರಿಗೆ ಮುಖ ಮಾಡಿದ ಬೆಂಚಿನ ಮೇಲೆ ಪ್ಲಾಸ್ಟಿಕ್ ಮಳೆಟೋಪಿಯೊಂದು ಹೊಳೆಯುತ್ತಿತ್ತು.

ಡೆನೀಸ್ ನಿಂತುಬಿಟ್ಟಳು. ಇರಲಾರದು ಎಂದುಕೊಂಡಳು. ಇತ್ತು. ಮೇವಿಸ್ ತೊಡೆಯ ಮೇಲೆ ಕಾಗದ ಹರಡಿಕೊಂಡು ಆಲೂಗಡ್ಡೆ ಚಿಪ್ಸ್ ತಿನ್ನುತ್ತಿದ್ದಳು.

"ಬಾ, ಕೂತ್ಕೋ. ಬಿಸಿಯಾಗಿವೆ."

"ನೀವು ಮನೆಗೆ ಹೋಗ್ಲಿಲ್ವಾ?"

"ಹೋಗ್ತಾನೇ ಇದ್ದೆ. ಊರೊಳಗೆ ಬಸ್ಸು ನಿಲ್ತು. ಎದುರುಗಡೆ ಈ ಕಡೆ ಬರೋ ಬಸ್ಸು ನಿಂತಿತ್ತು. ನನ್ನ ಮುದುಕರ ಪಾಸು ಅದಕ್ಕೂ ನಡೆಯುತ್ತೆ, ಅದಕ್ಕೇನು?"

ಅಲ್ಲಿಗೆ ಡೆನೀಸಳ ಕಟ್ಟೆ ಒಡೆಯಿತು. ಬೆನ್ನಿನ ಚೀಲವನ್ನು ಹುಲ್ಲಿನ ಮೇಲೆ ಎಸೆದಳು. "ಒಂದು ವಾರ!" ಎಂದು ಕೂಗಿದಳು. ದೋಣಿ ಹೊತ್ತು ಬರುತ್ತಿದ್ದವರು ಹೊತ್ತಂತೆಯೇ ನಿಂತರು. "ನಾನು ಕೇಳಿದ್ದು ಒಂದೇ ಒಂದು ವಾರ! ಇಡೀ ಜನ್ಮದಲ್ಲಿ! ಅವನು ಬಚ್ಚಲ ಬಾಗಿಲಿಗೆ ಬರ್ತಾನೆ, ಅವಳು ಮಗು ತರ್ತಾಳೆ, ಕ್ಲಿನಿಕ್ಕಲ್ಲಿ ಇಡೀ ಊರು ಕೆಮ್ಮಿಕೊಂಡು ಕಿಟಕಿಗೆ ಬರುತ್ತೆ. ಗೋಡೆ ಕಡೆ ಓಡಿ ಬಂದ್ರೆ ಬಸ್ಸು ಹತ್ತಿ ನೀವು ಬರ್ತೀರಿ! ನಿಮಗೆ ನನ್ನಿಂದ ಏನ್ರೀ ಬೇಕು? ಏನು ಬೇಕು ಹೇಳಿಬಿಡಿ, ಕೊಟ್ಟುಬಿಡ್ತೀನಿ!"

ಮೇವಿಸ್ ಚಿಪ್ಸಿನ ಕಾಗದವನ್ನು ನೀಟಾಗಿ ಮಡಿಸಿ ಪಕ್ಕಕ್ಕಿಟ್ಟಳು.

"ನಮ್ಮ ಟ್ರೆವರನ್ನ ಬಿಟ್ಟು ಹೋಗ್ತಿದ್ದೀಯಾ?"

"ಏನಂದ್ರಿ?"

"ಗುರುವಾರ ನಿನ್ನ ಮನೆಗೆ ಬಂದಾಗ ಕೇಕು ಬಿಸಿ ಮಾಡೋಕೆ ಓವನ್ ತೆಗೆದೆ. ಅದರೊಳಗೆ ನನ್ನ ಮುಖ ಕಾಣಿಸ್ತು. ಹೆಂಗಸರು ಓವನ್ನನ್ನ ಹಾಗೆ ತಿಕ್ಕೋದು ಎರಡೇ ಸಲ ಕಣೇ. ಮನೆ ಮಾರೋವಾಗ, ಇಲ್ಲಾ ಬಿಟ್ಟು ಹೋಗೋವಾಗ. ನೀವು ಮನೆ ಮಾರ್ತಾ ಇಲ್ಲ."

ಡೆನೀಸಳಿಗೆ ನಗು ಬರಬೇಕಿತ್ತು. ಇಂಥ ಹುಚ್ಚುಮಾತಿಗೆ ಛೇ, ಇಲ್ಲಪ್ಪ ಎನ್ನಬೇಕಿತ್ತು. ಅನ್ನಲು ಬಾಯಿ ತೆರೆದಳು. ಇಲ್ಲ ಎಂಬ ಮಾತು ಬರಲಿಲ್ಲ. ಅದು ಬರದೇ ಹೋದದ್ದನ್ನು ಕಂಡು ಅವಳಿಗೇ ಗಾಬರಿಯಾಯಿತು. ಬೆಂಚಿನ ಇನ್ನೊಂದು ತುದಿಗೆ ಕುಸಿದು ಕೂತಳು. ನದಿ ಇಳಿತದಲ್ಲಿತ್ತು, ಎರಡು ಬಾತುಕೋಳಿಗಳು ಕೆಸರಿನಲ್ಲಿ ಕಾಲೆಳೆಯುತ್ತಿದ್ದವು.

"ನನಗೆ ಗೊತ್ತಿಲ್ಲ" ಎಂದಳು ಕೊನೆಗೆ. "ನಿಜವಾಗ್ಲೂ ಗೊತ್ತಿಲ್ಲ ಮ್ಯಾಮ್. ನಾನೇನೂ ತೀರ್ಮಾನ ಮಾಡಿಲ್ಲ. ಯೋಚನೆ ಮಾಡೋಕೆ ಯಾರಾದ್ರೂ ಬಿಟ್ರೆ ತಾನೇ?"

"ವಾರ ಆದ ಮೇಲೆ?"

"ನೋಡಿ, ಮತ್ತೆ ಕೇಳ್ತಿದ್ದೀರಾ!"

"ಸರಿ, ಕೇಳಲ್ಲ." ಮೇವಿಸ್ ಮಳೆಟೋಪಿಯ ದಾರ ಬಿಚ್ಚಿ ಮತ್ತೆ ಕಟ್ಟಿಕೊಂಡಳು. ಕೇಳದಿರುವುದು ಅವಳಿಗೆ ಕಷ್ಟದ ಕೆಲಸ. ಆಮೇಲೆ ಸರಕ್ಕನೆ ಡೆನೀಸಳ ಕೈ ಹಿಡಿದುಕೊಂಡಳು. "ಆದ್ರೆ ಒಂದು ಮಾತು ಕೇಳಿಸ್ಕೋ. ನೀನು ಹೋದ್ರೆ ಅವನು ಎಲ್ಲಿಗೆ ಬರ್ತಾನೆ? ನನ್ನ ಹತ್ರ! ಅವನ ಹಳೇ ಕೋಣೆ ಹಾಗೇ ಇದೆ. ಒಂದೇ ವಾರದಲ್ಲಿ ಸೂಟ್‌ಕೇಸ್ ಹಿಡ್ಕೊಂಡು ಬಾಗಿಲಲ್ಲಿ ನಿಂತಿರ್ತಾನೆ. ನನ್ನಿಂದ ಆಗಲ್ಲ ಹಿನ್ನಿ. ಅವನನ್ನ ಒಂದ್ಸಲ ಸಾಕಿದ್ದೀನಿ. ಇನ್ನೊಂದ್ಸಲ ಸಾಕೋ ಶಕ್ತಿ ನನಗಿಲ್ಲ."

ಡೆನೀಸ್ ಅತ್ತೆಯ ಮುಖವನ್ನೇ ನೋಡಿದಳು. ತಮಾಷೆ ಮಾಡುತ್ತಿರಲಿಲ್ಲ, ಮುದುಕಿಯ ಕಣ್ಣಲ್ಲಿ ನಿಜವಾದ ಭಯವಿತ್ತು. ಬೆಳಗಿನಿಂದ ಬಂಡಿದಾರಿ, ನದೀತೀರ, ಎರಡು ಬಸ್ಸು ಎನ್ನದೆ ಬೆನ್ನು ಹತ್ತಿದ್ದು ಮಗನ ಸಂಸಾರ ಉಳಿಸಲಿಕ್ಕಲ್ಲ, ಮಗ ತನ್ನ ಮನೆಗೆ ಬಾರದಿರಲೆಂದು.

ಮೊದಲು ಡೆನೀಸಳ ಮೂಗಿನಿಂದ ಒಂದು ಸದ್ದು ಬಂತು. ಆಮೇಲೆ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. "ನಗ್ತೀಯಲ್ಲೇ! ರಾತ್ರಿಯೆಲ್ಲಾ ಸಾಕ್ಸು ಎಲ್ಲಿ ಅಂತ ಕೇಳ್ತಾನೆ ಕಣೇ ಅವನು!" ಎಂದು ಬೈಯುತ್ತಲೇ ಮೇವಿಸಳಿಗೂ ನಗು ಹತ್ತಿತು. ದೋಣಿ ಹೊತ್ತವರು ಇಬ್ಬರನ್ನೂ ಬಳಸಿಕೊಂಡು ದೂರದಿಂದ ಹಾದುಹೋದರು.

"ಅವನಿಗೆ ಅದನ್ನ ಕಲಿಸಿದ್ದು ಯಾರು?" ಕಣ್ಣೊರೆಸಿಕೊಂಡು ಡೆನೀಸ್ ಕೇಳಿದಳು.

"ನಾನೇ, ಮತ್ಯಾರು. ಕೇಳಿದ್ದಕ್ಕೆಲ್ಲ ಎದ್ದು ಹೋಗಿ ತಂದುಕೊಟ್ಟೆ. ನೀನೂ ತಂದುಕೊಟ್ಟೆ. ಇಬ್ಬರದೂ ತಪ್ಪಿದೆ."

ಡೆನೀಸ್ ಎದ್ದು, ಹುಲ್ಲಿನ ಮೇಲೆ ಎಸೆದಿದ್ದ ಚೀಲ ಎತ್ತಿಕೊಂಡಳು.

ಮುಂದಿನ ಹಳ್ಳಿ ಹೆಡನ್, ಗುಡ್ಡದ ಮೇಲೆ. ಅಲ್ಲಿ ಡೆನೀಸ್ ಆ ದಿನ ತಂಗುವುದಿತ್ತು. "ಗೋಡೆ ಒಂದು ಸಲ ನೋಡಿ ಹೋಗ್ತೀನಿ, ಆಣೆಯಾಗೂ" ಎಂದಳು ಮೇವಿಸ್. ನದಿ ಬಿಟ್ಟು ದಾರಿ ಮೇಲಕ್ಕೆ ತಿರುಗಿದ ಮೇಲೆ ಮುದುಕಿಯ ಗಟ್ಟಿ ಕಾಲುಗಳ ಗರ್ವವೆಲ್ಲ ಇಳಿಯಿತು. ಗಾಲ್ಫ್ ಮೈದಾನದ ಅಂಚಿನ ಏರಿನಲ್ಲಿ ಹತ್ತು ಹೆಜ್ಜೆಗೊಮ್ಮೆ ನಿಂತಳು. ಕೊನೆಗೆ ಬೆನ್ನ ಮೇಲೆ ತನ್ನ ಚೀಲ, ಒಂದು ಕೈಯಲ್ಲಿ ಚಕ್ರದ ಚೀಲ, ಇನ್ನೊಂದು ತೋಳಿಗೆ ಜೋತುಬಿದ್ದ ಅತ್ತೆ, ಹೀಗೆ ಡೆನೀಸ್ ಮೂರು ಭಾರ ಎಳೆದುಕೊಂಡು ಏರಿದಳು. ಒಬ್ಬಳೇ ನಡೆಯುವ ಮೊದಲ ದಿನ ಇದು ಎಂದು ಹಲ್ಲು ಕಚ್ಚಿದಳು. ಆದರೂ ಬೆಳಗಿನ ಕೋಪ ಈಗಿರಲಿಲ್ಲ. ಉಸಿರು ಕಟ್ಟುವುದಕ್ಕೂ ಕೋಪಕ್ಕೂ ಒಟ್ಟಿಗೆ ಜಾಗ ಸಾಲದು.

ದಾರಿಯಲ್ಲಿ ನಿಂತು ಫೋನ್ ಹಚ್ಚಿ, ಬಂದು ನಿಮ್ಮಮ್ಮನನ್ನು ಕರೆದುಕೊಂಡು ಹೋಗು ಎಂದು ಟ್ರೆವರ್‌ಗೆ ಹೇಳಿದಳು. "ಮ್ಯಾಮ್ ಅಲ್ಲಿಗೆ ಹೇಗೆ ಬಂದ್ಲು?" ಎಂದು ಅವನು ಕೇಳುತ್ತಿದ್ದಂತೆ ಆರಿಸಿದಳು.

ಹೆಡನ್ನಿನ ಮನೆಗಳ ಹಿಂದೆ, ಹುಲ್ಲಿನ ನಡುವೆ ಗೋಡೆ ಮಲಗಿತ್ತು. ಅಗಲವಾಗಿದೆ, ಎತ್ತರವಿಲ್ಲ, ಮೊಣಕಾಲಿಗಿಂತ ಸ್ವಲ್ಪ ಮೇಲೆ. ಕುರಿಗಳಿಗೂ ಅದರ ಭಯವಿಲ್ಲ. ಮೇವಿಸ್ ಹತ್ತಿರ ಹೋಗಿ ಬಗ್ಗಿ ನೋಡಿದಳು, ಕೈಯಿಂದ ತಟ್ಟಿದಳು.

"ಇಷ್ಟೇನಾ?"

"ಇಷ್ಟೇ ಮ್ಯಾಮ್. ಮುಂದೆ ಇನ್ನೂ ಇದೆ."

"ಇದನ್ನ ನೋಡೋಕೆ ಜಪಾನಿಂದ ಬರ್ತಾರಾ? ನಮ್ಮ ಹಿತ್ತಲ ಗೋಡೆ ಇದಕ್ಕಿಂತ ಎತ್ತರ ಇದೆ."

ಅಷ್ಟು ಹೇಳಿ ಅದರ ಮೇಲೆಯೇ ಕೂತು ಬೂಟು ಬಿಚ್ಚಿ ಬೆರಳು ನೀವಿಕೊಂಡಳು. ಅಲ್ಲಿ ಕೂರಬಾರದು ಎಂಬ ಫಲಕ ಎದುರಿಗೇ ಇತ್ತು. ಡೆನೀಸ್ ಅದನ್ನು ಓದಿ ಹೇಳುವ ಗೋಜಿಗೆ ಹೋಗಲಿಲ್ಲ.

ಟ್ರೆವರನ ವ್ಯಾನು ಬಂತು. ಇಳಿದವನ ಶರಟು ನಸುಗೆಂಪಾಗಿತ್ತು. ಬೆಳಿಗ್ಗೆ ಅದು ಬಿಳಿಯದಾಗಿತ್ತು. ಕೆಂಪು ಬಟ್ಟೆಯ ಜೊತೆ ಮೆಷಿನ್ನಿಗೆ ಹಾಕಿದ್ದ. ಅವನು ತಾಯಿಯನ್ನು ನೋಡಿದ, ಹೆಂಡತಿಯನ್ನು ನೋಡಿದ.

"ಡೆನೀಸ್, ಆ ಪೈ ಓವನ್ನಲ್ಲಿ ಎಷ್ಟು ಹೊತ್ತು..."

"ಟ್ರೆವರ್!" ಮೇವಿಸ್ ಗೋಡೆಯ ಮೇಲಿಂದಲೇ ಗುಡುಗಿದಳು. "ಡಬ್ಬದ ಮೇಲೆ ಬರೆದಿರುತ್ತೆ, ಕಣ್ಣಿದ್ರೆ ಓದು. ಇವಳು ವಾಪಸ್ ಬರೋ ತನಕ ಒಂದು ಫೋನ್ ಮಾಡಿದ್ಯೋ, ನಿನ್ನ ಹಳೇ ಕೋಣೆಗೆ ಬೀಗ ಹಾಕಿ ಕೀಲಿ ನದಿಗೆ ಎಸೀತೀನಿ. ಕೇಳಿಸ್ತಾ?"

"ನಾನು ಯಾಕೆ ಆ ಕೋಣೆಗೆ ಬರಲಿ?" ಎಂದ ಟ್ರೆವರ್. ಅಂದವನು ತಾನೇ ತಡೆದು ನಿಂತ. ಮುಖದ ಬಣ್ಣ ಇಳಿಯಿತು. ತಾಯಿಯ ಕಡೆಯಿಂದ ಹೆಂಡತಿಯ ಕಡೆಗೆ ಮೆಲ್ಲನೆ ತಿರುಗಿದ. ಕೀಲಿಯ ಗೊಂಚಲನ್ನು ಈ ಕೈಯಿಂದ ಆ ಕೈಗೆ ಹಾಕಿದ. ಇಷ್ಟು ವರ್ಷದಲ್ಲಿ ಮೊದಲ ಸಲ ಅವನಿಗೆ ಕೇಳುವ ಧೈರ್ಯವಾಗದ ಪ್ರಶ್ನೆಯೊಂದು ಎದುರಾಗಿತ್ತು.

ಕೊನೆಗೆ ಅವನು ಕೇಳಿದ್ದು ಇಷ್ಟು: "ಆ ಕೊನೇಲಿ, ಕಡಲ ಹತ್ರ... ಕರ್ಕೊಂಡ್ ಬರೋಕೆ ನಾನು ಬರ್ಲಾ?"

ಡೆನೀಸ್ ಅತ್ತೆಯ ಚಕ್ರದ ಚೀಲವನ್ನು ವ್ಯಾನಿನೊಳಗೆ ಇಟ್ಟು ಬಂದಳು. ಡಬ್ಬಿಯಲ್ಲಿಯೋ ಡ್ರಾಯರಿನಲ್ಲಿಯೋ ಉತ್ತರ ಸಿಗುವ ಪ್ರಶ್ನೆ ಅದಲ್ಲ.

"ಅಲ್ಲಿಗೆ ಹೋದ ಮೇಲೆ ಹೇಳ್ತೀನಿ" ಎಂದಳು.

ಅವನು ತಲೆಯಾಡಿಸಿದ. ತಾಯಿಯ ಬೂಟಿನ ದಾರ ಕಟ್ಟಿ, ತೋಳು ಹಿಡಿದು ವ್ಯಾನಿಗೆ ಹತ್ತಿಸಿದ. ವ್ಯಾನು ಹೋದ ಮೇಲೆ ಹೆಡನ್ ತುಂಬ ಸದ್ದಿಲ್ಲದ ಊರೆನಿಸಿತು.

ಮಾರನೆಯ ದಿನದಿಂದ ಅವಳು ಒಬ್ಬಳೇ ನಡೆದಳು. ಸುಖವೇ ಎಂದರೆ, ಅರ್ಧ ಸುಖ. ಎರಡನೆಯ ದಿನ ಮಳೆ ಅಡ್ಡಡ್ಡ ಬಿತ್ತು. ಎತ್ತರದ ಬಂಡೆಗಳ ಮೇಲೆ ಗೋಡೆ ಏರಿಳಿಯುವ ಕಡೆ ಗಾಳಿ ಅವಳನ್ನು ಎರಡು ಸಲ ಕೂರಿಸಿತು. ಹೊಲವೊಂದರಲ್ಲಿ ಹಸುಗಳು ಗೇಟಿಗೆ ಅಡ್ಡ ನಿಂತು ಬಿಡಲೊಲ್ಲವಾದವು. ಅವುಗಳ ಮೇಲೆ ಕೂಗಾಡಿದಾಗ ಎಷ್ಟೋ ದಿನದ ಕೂಗು ಹೊರಬಿತ್ತು. ಯಾರೂ ಏನೂ ಕೇಳಲಿಲ್ಲ. ನಾಲ್ಕನೆಯ ದಿನ ಕಾಲಿನ ಗುಳ್ಳೆ ಒಡೆದು ಮಣ್ಣಿನ ಮೇಲೆ ಕೂತಿದ್ದಾಗ, ಏನಾಯ್ತು ಎಂದು ಒಬ್ಬರಾದರೂ ಕೇಳಬಾರದೇ ಎನಿಸಿ ತನ್ನ ಮೇಲೆಯೇ ರೇಗಿತು. ಎದ್ದು ಕುಂಟುತ್ತ ನಡೆದಳು. ಆ ನಡೆಯಲ್ಲೇ ಒಂದು ಮಾತು ಅವಳಿಗೆ ಸ್ಪಷ್ಟವಾಯಿತು: ಟ್ರೆವರನನ್ನು ಬಿಡುವ ಮನಸ್ಸು ತನಗಿಲ್ಲ, ಆ ಮನೆಗೆ ಹಾಗೇ ಹಿಂತಿರುಗುವ ಮನಸ್ಸೂ ಇಲ್ಲ.

ಪಡುವಣದ ಕಡಲಿಗೆ ಬಂದಾಗ ನೀರು ಹಿಂದೆ ಸರಿದು ಬರೀ ಕೆಸರು ಹೊಳೆಯುತ್ತಿತ್ತು. ಟ್ರೆವರ್‌ಗೆ ಫೋನ್ ಮಾಡಿ, ಬರಬೇಡ, ಬಸ್ಸಿನಲ್ಲಿ ಬರುತ್ತೇನೆ, ಆದರೆ ಸೀದಾ ಮನೆಗಲ್ಲ ಎಂದಳು. ಅವನು ಎಲ್ಲಿಗೆ ಎಂದು ಕೇಳಲಿಲ್ಲ. ಸರಿ ಎಂದ.

ಬಂದದ್ದು ಮೇವಿಸಳ ಮನೆಗೆ. ಮಗ ಬಂದಾನೆಂದು ಹೆದರಿದ್ದ ಮುದುಕಿಗೆ ಸೊಸೆ ಗಂಟುಬಿದ್ದಳು. "ಇದು ಪರವಾಗಿಲ್ಲ, ಇವಳು ಪಾತ್ರೆ ತೊಳೀತಾಳೆ" ಎಂದು ಮೇವಿಸ್ ನೆರೆಹೊರೆಗೆ ಹೇಳಿದಳು. ಇಬ್ಬರೂ ಬೇಸಿಗೆಯಿಡೀ ಜಗಳವಾಡಿದರು: ಕಿಟಕಿ ತೆರೆದಿಡುವುದಕ್ಕೆ, ಟಿವಿಯ ಸದ್ದಿಗೆ, ಟೀಗೆ ಹಾಲು ಮೊದಲೋ ಆಮೇಲೋ ಎಂಬುದಕ್ಕೆ. ಟ್ರೆವರ್ ಪ್ರತಿ ಭಾನುವಾರ ಊಟಕ್ಕೆ ಬರುತ್ತಿದ್ದ. ಮೊದಲ ಭಾನುವಾರ ಬರಿಗೈಲಿ ಬಂದವನನ್ನು ಮೇವಿಸ್ ಬಾಗಿಲಿಂದಲೇ ಬೇಕರಿಗೆ ಅಟ್ಟಿದಳು. ಜುಲೈ ಹೊತ್ತಿಗೆ ತಾನೇ ಸುಟ್ಟ ಪೈ ತಂದ. ತಳ ಕರಕಲು, ಮೇಲೆ ಹಸಿ. ಡೆನೀಸ್ ನಡುವಿನದನ್ನು ತಿಂದು, ಉಪ್ಪು ಸರಿಯಾಗಿದೆ ಎಂದಳು. ಅವನ ಕಿವಿ ಕೆಂಪಾಯಿತು.

ಕರ್ಸ್ಟಿ ಮಗುವಿಗೆ ಬುಧವಾರ ಬೇರೆ ಏರ್ಪಾಟು ಮಾಡಿಕೊಂಡಳು, ತಿಂಗಳುಗಟ್ಟಲೆ ಮುನಿಸಿಕೊಂಡೇ. ಕ್ಲಿನಿಕ್ಕಿನ ಕಿಟಕಿ ಮಾತ್ರ ಇದ್ದ ಹಾಗೇ ಇತ್ತು. ರೋಗಿಗಳು ಈಗ ಇನ್ನೊಂದು ಪ್ರಶ್ನೆ ಸೇರಿಸಿಕೊಂಡಿದ್ದರು: "ಗಂಡನ ಮನೆಗೆ ಯಾವಾಗ ಹೋಗ್ತೀಯಮ್ಮಾ?" "ಮುಂದಿನವರು ಬನ್ನಿ" ಎನ್ನುತ್ತಿದ್ದಳು ಡೆನೀಸ್.

ಸೆಪ್ಟೆಂಬರಿನ ಒಂದು ಸಂಜೆ ಟ್ರೆವರ್ ವ್ಯಾನು ತಂದು ಬಾಗಿಲಲ್ಲಿ ನಿಲ್ಲಿಸಿ, ಇಳಿದು, ಏನನ್ನೂ ಕೇಳದೆ ನಿಂತುಕೊಂಡ. ಡೆನೀಸ್ ಕಿಟಕಿಯಿಂದ ಸುಮಾರು ಹೊತ್ತು ನೋಡಿದಳು. ಆಮೇಲೆ ಚೀಲ ತುಂಬಿಕೊಂಡು ಹೊರಗೆ ಬಂದಳು.

"ವ್ಯಾನು ಬೇಡ. ನಾನು ಮನೆಗೆ ನಡ್ಕೊಂಡ್ ಬರ್ತೀನಿ" ಎಂದಳು.

"ಹಾಗಾದ್ರೆ ನಾನೂ ನಡೀತೀನಿ" ಎಂದು ಅವನು ಅವಳ ಚೀಲ ಇಸಿದುಕೊಂಡು ಹೆಗಲಿಗೇರಿಸಿದ.

ಇಬ್ಬರೂ ಬೀದಿಯ ತಿರುವಿನ ತನಕ ಹೋಗಿದ್ದರೋ ಇಲ್ಲವೋ, ಮೇವಿಸ್ ಮೇಲಿನ ಕಿಟಕಿ ತೆರೆದು ಅರ್ಧ ದೇಹ ಹೊರಹಾಕಿದಳು. "ಲೋ ಟ್ರೆವರ್! ಈ ಹಾಳು ವ್ಯಾನನ್ನ ನನ್ನ ಬಾಗಿಲಿಗೆ ಅಡ್ಡ ಬಿಟ್ಟು ಹೋಗ್ತಿದ್ದೀಯಲ್ಲೋ! ನಾಳೆ ಹಾಲಿನವನು ಹೆಂಗೆ ಬರ್ತಾನೆ?"

ಟ್ರೆವರ್ ತಿರುಗಲು ಹೋದ. ಡೆನೀಸ್ ಅವನ ತೋಳು ಹಿಡಿದು, ನಡಿ ಎಂದಳು.